ನಿನ್ನ ಸಂಬಳ ಎಷ್ಟು, ಲಾಯ್ಡ್?

ಕಾಪು
14 ಏಪ್ರಿಲ್ 2025

ಲಾಯ್ಡ್,

ಯಾರ ಕಾಗದ ಎಂದು ಕೊನೆಯ ಪುಟ ತಿರುಗಿಸಿ ನೋಡಬೇಡ. ನಾನು ರೂಪೇಶ, ಕಾಪುವಿನವನು. ಉಡುಪಿಯಲ್ಲಿ ಪಿಯುಸಿ ಎರಡು ವರ್ಷ ನಿನ್ನ ಪಕ್ಕ ಕೂತವನು. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಇಬ್ಬರೂ ಇಲ್ಲಿಯ ದೀಪಸ್ತಂಭದ ಬುಡದ ಬಂಡೆಯ ಮೇಲೆ ಕೂತು ದೋಣಿಯ ಚಿತ್ರ ಬರೆಯುತ್ತಿದ್ದೆವು. ಮಾತು ಬಿಟ್ಟು ಇಪ್ಪತ್ತನಾಲ್ಕು ವರ್ಷವಾಯಿತು.

ನಮ್ಮ ವರ್ಕ್‌ಶಾಪಿಗೆ ಸ್ಪೇರ್ ಪಾರ್ಟ್ಸ್ ತರುವ ಬ್ರ್ಯಾಂಡನ್ ನಿಮ್ಮ ಚರ್ಚಿನವನಂತೆ. ವಿಳಾಸ ಕೊಟ್ಟದ್ದು ಅವನೇ. ಫೋನ್ ನಂಬರನ್ನೂ ಕೊಟ್ಟ. ಎರಡು ಸಲ ಫೋನ್ ಕೈಗೆತ್ತಿಕೊಂಡು ಇಟ್ಟೆ. ನಾನು ಕೇಳಬೇಕಾದದ್ದನ್ನು ಫೋನಿನಲ್ಲಿ ಕೇಳಿದರೆ ನೀನು ನಗಾಡಿ ಬಿಡುತ್ತೀ, ನಾನೂ ನಗಾಡಿ ಬಿಡುತ್ತೇನೆ. ಅದಕ್ಕೆ ಕಾಗದ.

ನನಗೊಬ್ಬಳೇ ಮಗಳು, ಹರ್ಷಿಣಿ. ಮೊನ್ನೆ ಪಿಯುಸಿ ಫಲಿತಾಂಶ ಬಂತು. ಕಾಮರ್ಸಿನಲ್ಲಿ ಶೇಕಡಾ ತೊಂಬತ್ತೊಂದು. ಆದರೆ ಅವಳಿಗೆ ಬೇಕಾದದ್ದು ಚಿತ್ರಕಲೆಯ ಡಿಗ್ರಿ. ದೂರದ ಒಂದು ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಅವರು ಮದುವೆ ಆಲ್ಬಮಿನ ಹಾಗಿರುವ ಒಂದು ಪುಸ್ತಕ ಕಳಿಸಿದ್ದಾರೆ. ಫೀಸು, ಹಾಸ್ಟೆಲು, ಬಣ್ಣ, ಕಂಪ್ಯೂಟರು ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಹದಿನೇಳು ಲಕ್ಷ. ಹಿಂದಿನ ಪುಟದಲ್ಲಿ, ಅಲ್ಲಿ ಕಲಿತು ಹೋದವರ ಸಂಬಳ ವರ್ಷಕ್ಕೆ ಆರು ಲಕ್ಷ ಎಂದು ಉಂಟು. ಎಷ್ಟು ಮಂದಿಗೆ, ಯಾವ ಊರಿನಲ್ಲಿ ಎಂದು ಇಲ್ಲ. ಫೋನ್ ಮಾಡಿ ಕೇಳಿದರೆ ಅಲ್ಲಿಯ ಹುಡುಗಿ "ಸರ್, ಅದು ಆವರೇಜ್" ಎಂದಳು. ಆವರೇಜ್ ಎಂದರೆ ಎಂತ ಎಂದು ನನಗೆ ಗೊತ್ತುಂಟು. ಹತ್ತು ಬೋಟಿನಲ್ಲಿ ಒಂದಕ್ಕೆ ಭರ್ತಿ ಮೀನು ಸಿಕ್ಕಿ ಒಂಬತ್ತು ಖಾಲಿ ಬಂದರೂ ಆವರೇಜ್ ಚೆನ್ನಾಗಿಯೇ ಇರುತ್ತದೆ.

ಕೊಡಲು ದಾರಿಯೇ ಇಲ್ಲ ಎಂದಲ್ಲ. ನನ್ನ ಹೆಂಡತಿ ಶರ್ಮಿಳಾಗೆ ಅವಳ ತಾಯಿ ಕೊಟ್ಟ ಎಂಟು ಸೆಂಟ್ಸ್ ಜಾಗ ಪಡುಬಿದ್ರಿಯಲ್ಲಿ ಉಂಟು. ಅದನ್ನು ಮಾರಿದರೆ ಆಗುತ್ತದೆ. ಅವಳು ಮಾರಲು ತಯಾರು. ನಾನು ತಯಾರಿಲ್ಲ. ಹರ್ಷಿಣಿ ನನ್ನ ಹತ್ತಿರ ಮಾತು ಬಿಟ್ಟು ಮೂರು ವಾರವಾಯಿತು. ಊಟಕ್ಕೆ ಕರೆದರೆ ಬರುತ್ತಾಳೆ, ತಟ್ಟೆ ನೋಡಿಕೊಂಡು ಉಣ್ಣುತ್ತಾಳೆ, ಎದ್ದು ಹೋಗುತ್ತಾಳೆ. ಮೇ ಮೂವತ್ತೊಂದರೊಳಗೆ ಮೊದಲ ಕಂತು ಕಟ್ಟಬೇಕು.

ನನಗೆ ಗೊತ್ತಿರುವವರ ಪೈಕಿ ಆ ಡಿಗ್ರಿ ಮುಗಿಸಿದವನು ನೀನೊಬ್ಬನೇ. ಹಾಗಾಗಿ ನೇರ ಕೇಳುತ್ತೇನೆ. ನಿನ್ನ ಸಂಬಳ ಎಷ್ಟು, ಲಾಯ್ಡ್? ಡಿಗ್ರಿ ಮುಗಿದ ವರ್ಷ ಎಷ್ಟಿತ್ತು, ಈಗ ಎಷ್ಟು? ಅದರಲ್ಲಿ ಮನೆ ನಡೆಯುತ್ತದಾ? ಬೇರೆ ಏನೂ ಬರೆಯದಿದ್ದರೂ ಅಡ್ಡಿಯಿಲ್ಲ. ಬರೆಯುವ ಅಂಕಿ ಮಾತ್ರ ನಿಜದ್ದಾಗಿರಲಿ.

ಅಪ್ಪ ಬೋಟಿನಿಂದ ಬಿದ್ದು ಸೊಂಟ ಮುರಿದುಕೊಂಡದ್ದು, ನಾನು ನಿನ್ನ ಜೊತೆ ಮೈಸೂರಿಗೆ ಕಲಿಯಲು ಹೊರಡುವ ಬದಲು ಮಲ್ಪೆಯಲ್ಲಿ ಇಂಜಿನ್ ಕೆಲಸಕ್ಕೆ ಸೇರಿದ್ದು ನಿನಗೆ ಗೊತ್ತಿರುವುದೇ. ಈಗ ಇಲ್ಲಿ ಸ್ವಂತ ವರ್ಕ್‌ಶಾಪ್ ಉಂಟು, ಬೋಟಿನ ಇಂಜಿನ್ ರಿಪೇರಿ. ಎಲ್ಲ ಖರ್ಚು ಕಳೆದು ತಿಂಗಳಿಗೆ ಅರುವತ್ತು ಸಾವಿರ ಉಳಿಯುತ್ತದೆ. ನಿನ್ನದನ್ನು ಕೇಳುವಾಗ ನನ್ನದನ್ನು ಮುಚ್ಚಿಡುವುದು ಸರಿಯಲ್ಲ ಎಂದು ಬರೆದೆ.

ಉತ್ತರ ಕಾಯುವ
ರೂಪೇಶ

*

ಕಾರ್ಕಳ
25 ಏಪ್ರಿಲ್ 2025

ಪ್ರೀತಿಯ ರೂಪೇಶ,

ಎಂತ ಮಾರಾಯ! ಇಪ್ಪತ್ತನಾಲ್ಕು ವರ್ಷ ಬಿಟ್ಟು ಕಾಗದ ಬರೆದು, ಹೆಂಡತಿ ಮಕ್ಕಳು ಹೇಗಿದ್ದಾರೆ ಎಂದು ಕೇಳದೆ ಸಂಬಳ ಎಷ್ಟೆಂದು ಕೇಳುವವನು ಭೂಮಿಯ ಮೇಲೆ ನೀನೊಬ್ಬನೇ ಇರಬೇಕು. ಅಂಚೆಯವನು ಕಾಗದ ಕೊಟ್ಟಾಗ ಬ್ಯಾಂಕಿನ ನೋಟಿಸು ಎಂದುಕೊಂಡಿದ್ದೆ. ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು.

ನಾನು ಸೌಖ್ಯ. ಆನೆಕೆರೆಯ ಹತ್ತಿರ ಮನೆ. ಹೆಂಡತಿ ಕ್ಲಾರಾ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ನರ್ಸ್. ಮಗಳು ಡಿಂಪಲ್ ಬರುವ ಜೂನಿಗೆ ಏಳನೇ ತರಗತಿ.

ಕೆಲಸ ಬೇಕಾದಷ್ಟು ಉಂಟು. ಎರಡು ಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ಟ್ರು. ಹಬ್ಬದ ಮೊದಲು ಚರ್ಚುಗಳಲ್ಲಿ ಸಂತರ ಮೂರ್ತಿಗಳಿಗೆ ಹೊಸ ಬಣ್ಣ ಕೊಡುವುದು. ಸೀಸನ್ನಿನಲ್ಲಿ ಮದುವೆ ಸ್ಟೇಜು. ನಡುವೆ ನನ್ನ ಸ್ವಂತ ಪೇಂಟಿಂಗ್. ಕಳೆದ ವರ್ಷ ಮಣಿಪಾಲದ ಒಂದು ಪ್ರದರ್ಶನದಲ್ಲಿ ನನ್ನವು ಎರಡು ಇದ್ದವು, ಪತ್ರಿಕೆಯಲ್ಲಿ ಹೆಸರೂ ಬಂದಿತ್ತು. ಎಲ್ಲ ಸೇರಿ ತಿಂಗಳಿಗೆ ನಲವತ್ತೈದು ಸಾವಿರದ ಹತ್ತಿರ ಎಂದಿಟ್ಟುಕೋ. ಮನೆ ಆರಾಮವಾಗಿ ನಡೆಯುತ್ತದೆ. ಡಿಗ್ರಿ ಮುಗಿದ ವರ್ಷದ್ದು ಈಗ ನೆನಪಿಲ್ಲ. ಆಗ ದುಡ್ಡಿಗೆ ಬೆಲೆಯೂ ಬೇರೆ ಇತ್ತು.

ನನ್ನನ್ನು ಕೇಳಿದರೆ, ಕಳಿಸಿ ಬಿಡು. ಜಾಗ ಇವತ್ತಲ್ಲ ನಾಳೆ ಮತ್ತೆ ತೆಗೆದುಕೊಳ್ಳಬಹುದು, ಹದಿನೆಂಟನೇ ಪ್ರಾಯ ಮತ್ತೆ ಬರುವುದಿಲ್ಲ. ಅವಳಿಗೆ ಕೈ ಉಂಟು ಎಂದು ನಾನು ನೋಡದೆಯೇ ಹೇಳುತ್ತೇನೆ. ನಿನ್ನ ಮಗಳಲ್ವಾ? ನಿನ್ನ ಗೆರೆ ನನಗೆ ಈಗಲೂ ನೆನಪುಂಟು.

ಒಮ್ಮೆ ಕಾರ್ಕಳಕ್ಕೆ ಬಾ. ಮೀನು ನೀನೇ ತರಬೇಕು, ಇಲ್ಲಿ ಸಿಗುವುದು ಮೂರು ದಿನದ್ದು.

ನಿನ್ನ
ಲಾಯ್ಡ್

*

ಮಣಿಪಾಲ
3 ಮೇ 2025

ರೂಪೇಶ್ ಅವರಿಗೆ ನಮಸ್ಕಾರ.

ನಾನು ಲಾಯ್ಡ್ ಅವರ ಹೆಂಡತಿ ಕ್ಲಾರಾ. ನಾವು ಒಮ್ಮೆಯೂ ಭೇಟಿಯಾಗಿಲ್ಲ. ಇದನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ. ಡ್ಯೂಟಿ ಮುಗಿದಿದೆ, ಕಾರ್ಕಳದ ಬಸ್ಸಿಗೆ ಇನ್ನೂ ನಲವತ್ತು ನಿಮಿಷ ಉಂಟು.

ಅವರು ನಿಮಗೆ ಬರೆದ ಕಾಗದವನ್ನು ಪೋಸ್ಟ್ ಮಾಡಲು ನನ್ನ ಕೈಯಲ್ಲಿ ಕೊಟ್ಟಿದ್ದರು. ಕವರು ಅಂಟಿಸಿರಲಿಲ್ಲ. ಬಸ್ಸಿನಲ್ಲಿ ಓದಿದೆ. ಅದು ತಪ್ಪು, ಗೊತ್ತುಂಟು. ಓದಿದ ಹಾಗೆಯೇ ಅಂಟಿಸಿ ಪೋಸ್ಟ್ ಮಾಡಿದೆ. ಆಮೇಲೆ ಒಂದು ವಾರ ಸುಮ್ಮನಿದ್ದೆ. ನೀವು ಆ ಅಂಕಿಯನ್ನು ನಂಬಿ ಜಾಗ ಮಾರಿದರೆ ಅದರಲ್ಲಿ ನನ್ನ ಪಾಲೂ ಇರುತ್ತದೆ ಎಂದು ಅನ್ನಿಸಿತು. ಅದಕ್ಕೆ ಬರೆಯುತ್ತಿದ್ದೇನೆ.

ನಲವತ್ತೈದು ಸಾವಿರ ಬಂದದ್ದು ಹೌದು. ಕಳೆದ ಡಿಸೆಂಬರಿನಲ್ಲಿ, ಒಂದು ತಿಂಗಳು. ಶಾಲೆಗಳಲ್ಲಿ ಅವರು ಪಾರ್ಟ್ ಟೈಮ್. ಎರಡೂ ಕಡೆ ಸೇರಿ ಹದಿನಾಲ್ಕು ಸಾವಿರ, ಅದೂ ವರ್ಷಕ್ಕೆ ಹತ್ತು ತಿಂಗಳು. ಮೂರ್ತಿಗಳ ಕೆಲಸ ನವೆಂಬರಿನಿಂದ ಜನವರಿಯವರೆಗೆ. ಮದುವೆ ಸ್ಟೇಜು ಈಗ ಕಡಿಮೆ, ಎಲ್ಲರಿಗೂ ಹೂವಿನದ್ದೇ ಬೇಕು. ಬಣ್ಣದ ಖರ್ಚು ಕಳೆದು ವರ್ಷದ್ದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಇಪ್ಪತ್ತಮೂರು ಸಾವಿರ ಚಿಲ್ಲರೆ. ಡಿಗ್ರಿ ಮುಗಿಸಿದ ವರ್ಷ ಎರಡೂವರೆ ಸಾವಿರ ಇತ್ತು, ಒಂದು ಬೋರ್ಡ್ ಬರೆಯುವ ಅಂಗಡಿಯಲ್ಲಿ. ನನಗೆ ಹತ್ತೊಂಬತ್ತು ವರ್ಷ ಸರ್ವಿಸಾಗಿ ಮೂವತ್ತೆಂಟು ಸಾವಿರ ಬರುತ್ತದೆ. ನಮ್ಮ ಮನೆ ಆರಾಮವಾಗಿ ನಡೆಯುತ್ತದೆ ಎಂದು ಅವರು ಬರೆದದ್ದು ಸುಳ್ಳಲ್ಲ. ನಡೆಸುವುದು ಯಾವುದು ಎಂದು ಬರೆಯಲಿಲ್ಲ, ಅಷ್ಟೆ.

ಇನ್ನೊಂದು ವಿಷಯವನ್ನೂ ಬಿಟ್ಟಿದ್ದಾರೆ. ಆರು ವರ್ಷದಿಂದ ಅವರು ಕಣ್ಣು ಮಾಡುತ್ತಾರೆ. ನಮ್ಮ ಆಸ್ಪತ್ರೆಯಲ್ಲಿ ಕಣ್ಣು ಕಳೆದುಕೊಂಡವರಿಗೆ ಅಕ್ರಿಲಿಕ್ಕಿನ ಕೃತಕ ಕಣ್ಣು ಕೂರಿಸುತ್ತಾರೆ. ಅದರಿಂದ ಏನೂ ಕಾಣುವುದಿಲ್ಲ, ಮುಖದ ಅಂದಕ್ಕೆ ಮಾತ್ರ. ಅದರ ಪಾಪೆಯ ಸುತ್ತಲಿನ ಬಣ್ಣ ಇನ್ನೊಂದು ಕಣ್ಣಿಗೆ ಸರಿಹೊಂದುವ ಹಾಗೆ ಕೈಯಲ್ಲೇ ಬರೆಯಬೇಕು. ತಿಂಗಳಿಗೆ ಮೂರು ನಾಲ್ಕು ಬರುತ್ತವೆ, ಒಂದಕ್ಕೆ ಸಾವಿರದ ಐನೂರು; ಮೇಲಿನ ಲೆಕ್ಕದಲ್ಲಿ ಅದೂ ಸೇರಿದೆ. ಯಾರ ಹತ್ತಿರವೂ ಅವರು ಇದನ್ನು ಹೇಳಿಕೊಳ್ಳುವುದಿಲ್ಲ. ಅದು ಕಲೆ ಅಲ್ಲವಂತೆ. ನನಗೆ ಕಲೆಯ ವಿಷಯ ಗೊತ್ತಿಲ್ಲ. ಹೊಸ ಕಣ್ಣು ಹಾಕಿಕೊಂಡವರು ಕನ್ನಡಿ ನೋಡುವುದನ್ನು ನೋಡಿದ್ದೇನೆ.

ನಾನು ಬರೆದದ್ದನ್ನು ಅವರಿಗೆ ಹೇಳುತ್ತೇನೆ, ಇವತ್ತಲ್ಲ. ಬಸ್ಸು ಬಂತು.

ಕ್ಲಾರಾ

*

ಕಾಪು
9 ಮೇ 2025

ಕ್ಲಾರಾ ಆಂಟಿ,

ನಾನು ಹರ್ಷಿಣಿ. ರೂಪೇಶ್ ಅವರ ಮಗಳು.

ನಿನ್ನೆ ಬೆಳಿಗ್ಗೆ ಪಪ್ಪ ನನ್ನ ಚಹಾ ಲೋಟದ ಪಕ್ಕ ಎರಡು ಕಾಗದ ಇಟ್ಟರು. ಒಂದು ಲಾಯ್ಡ್ ಅಂಕಲ್‌ದು, ಇನ್ನೊಂದು ನಿಮ್ಮದು. "ಓದು" ಎಂದರು, ವರ್ಕ್‌ಶಾಪಿಗೆ ಹೋದರು. ಮೊದಲು ನನಗೆ ಸಿಟ್ಟು ಬಂತು. ನನ್ನ ಬಾಯಿ ಮುಚ್ಚಿಸಲಿಕ್ಕೆ ಸಾಕ್ಷಿ ತರಿಸಿದ್ದಾರೆ ಎಂದು ಅನ್ನಿಸಿತು. ನಿಮ್ಮ ಮೇಲೂ ಸಿಟ್ಟು ಬಂತು, ಕ್ಷಮಿಸಿ.

ಮಧ್ಯಾಹ್ನ ಎರಡನೇ ಸಲ ಓದಿದೆ. ಆಗ ಅಮ್ಮ ಒಂದು ವಿಷಯ ಹೇಳಿದರು. ಪಪ್ಪನೂ ಮೊದಲು ಚಿತ್ರ ಬರೆಯುತ್ತಿದ್ದರಂತೆ. ನನಗೆ ಹದಿನೆಂಟು ವರ್ಷ ಆಯಿತು ಆಂಟಿ, ಇದುವರೆಗೆ ಯಾರೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಅವರು ಬರೆದ ಒಂದು ಗೆರೆಯೂ ಇಲ್ಲ. ಸಂಜೆ ಅವರು ಬಂದಾಗ ಕೇಳಿದೆ, "ಪಪ್ಪ, ನೀವು ಬರೆಯುತ್ತಿದ್ದದ್ದು ಹೌದಾ?" ಅವರು ಕೈಯ ಗ್ರೀಸು ತೊಳೆಯುತ್ತಿದ್ದರು. "ಹೌದು, ಬರೆಯುತ್ತಿದ್ದೆ" ಎಂದರು. "ಯಾಕೆ ಬಿಟ್ಟಿರಿ?" ಎಂದರೆ "ಬಿಟ್ಟದ್ದಲ್ಲ, ಹೊತ್ತಾಗಲಿಲ್ಲ" ಎಂದರು. ಎಷ್ಟೋ ದಿನದ ಮೇಲೆ ನಾವು ಆಡಿದ ಮಾತು ಅಷ್ಟೇ.

ನಿಮಗೆ ಬರೆಯುವುದು ಎರಡು ಪ್ರಶ್ನೆ ಕೇಳಲಿಕ್ಕೆ. ಒಂದು, ಆ ಕಣ್ಣು ಮಾಡುವುದನ್ನು ನಾನು ನೋಡಬಹುದಾ? ಇನ್ನೊಂದನ್ನು ಕೇಳಬಹುದೋ ಬಾರದೋ ಗೊತ್ತಿಲ್ಲ. ಲೆಕ್ಕ ಎಲ್ಲ ಬರೆದಿದ್ದೀರಿ. ನಿಮಗೆ ಬೇಸರ ಉಂಟಾ ಇಲ್ಲವಾ ಎಂದು ಬರೆಯಲಿಲ್ಲ. ಅಂಕಲ್ ಆ ಡಿಗ್ರಿ ಮಾಡದೆ ಬೇರೆ ಏನಾದರೂ ಮಾಡಬೇಕಿತ್ತು ಎಂದು ನಿಮಗೆ ಅನ್ನಿಸುತ್ತದಾ?

ನಿಮ್ಮ
ಹರ್ಷಿಣಿ

*

ಕಾರ್ಕಳ
15 ಮೇ 2025

ಪ್ರೀತಿಯ ಹರ್ಷಿಣಿ,

ನಿನ್ನ ಮೊದಲನೇ ಪ್ರಶ್ನೆಗೆ: ಬಾ. ಇಪ್ಪತ್ತೆರಡಕ್ಕೆ ಒಬ್ಬರಿಗೆ ಕಣ್ಣು ಮಾಡುವುದುಂಟು. ಎರಡು ದಿನದ ಕೆಲಸ. ನಮ್ಮಲ್ಲೇ ಉಳಿಯಬಹುದು, ಡಿಂಪಲ್‌ಗೆ ಖುಷಿ. ಡಾಕ್ಟರರ ಹತ್ತಿರ ನಾನು ಕೇಳಿಡುತ್ತೇನೆ.

ಎರಡನೇ ಪ್ರಶ್ನೆಯನ್ನು ಇದುವರೆಗೆ ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಮೂರು ದಿನ ಯೋಚನೆ ಮಾಡಿದೆ.

ನಮ್ಮ ಮದುವೆಯ ಮಾತು ಬಂದಾಗ ನನ್ನ ಅಣ್ಣ ಜೋಕಿಮ್ "ತಿಂಗಳಿಗೆ ಆರು ಸಾವಿರದ ಡ್ರಾಯಿಂಗ್ ಮಾಸ್ಟ್ರಿಗೆ ಕೊಡುವುದಾ?" ಎಂದ. "ನನ್ನದು ಹನ್ನೊಂದು ಸಾವಿರ ಉಂಟಲ್ಲ" ಎಂದು ನಾನು ಹೇಳಿದೆ. ಅದು ನಾನೇ ಹೇಳಿದ ಮಾತು. ಯಾರೂ ಒತ್ತಾಯ ಮಾಡಲಿಲ್ಲ. ಆಗ ನನಗೆ ಇಪ್ಪತ್ತಾರು ವರ್ಷ. ಹನ್ನೊಂದೂ ಆರೂ ಸೇರಿದರೆ ಹದಿನೇಳು ಎಂದು ಮಾತ್ರ ಗೊತ್ತಿತ್ತು.

ಡಿಂಪಲ್ ಶಾಲೆಗೆ ಸೇರಿದ ವರ್ಷ ನಾನು ಮುಂದೆ ಓದಬೇಕೆಂದಿದ್ದೆ. ಎಂ.ಎಸ್ಸಿ. ಮಾಡಿದ್ದರೆ ಈಗ ಕಲಿಸುವ ಕೆಲಸದಲ್ಲಿ ಇರುತ್ತಿದ್ದೆ, ವಾರ್ಡಿನಲ್ಲಿ ಓಡಾಡುವುದು ತಪ್ಪುತ್ತಿತ್ತು. ಫೀಸಿಗೆಂದು ಸ್ವಲ್ಪ ತೆಗೆದಿಟ್ಟಿದ್ದೆ. ಅದೇ ವರ್ಷ ಅವರಿಗೆ ಮಂಗಳೂರಿನಲ್ಲಿ ಪ್ರದರ್ಶನ ಮಾಡುವ ಅವಕಾಶ ಬಂತು. ಚೌಕಟ್ಟು, ಹಾಲ್ ಬಾಡಿಗೆ, ಕಾರ್ಡು. ಆ ಹಣ ಅಲ್ಲಿಗೆ ಹೋಯಿತು. ಎರಡು ಚಿತ್ರ ಮಾರಾಟವಾದವು. ಹಣ "ತಗೊಳ್ಳಿ" ಎಂದು ಕೊಟ್ಟವಳು ನಾನೇ. ಅವರು ಬೇಡ ಎನ್ನಬೇಕಿತ್ತು ಎಂದು ಈಗಲೂ ಕೆಲವು ದಿನ ಅನ್ನಿಸುತ್ತದೆ. ಅವರು ಬೇಡ ಎನ್ನಲಿಲ್ಲ.

ಹಾಗಾದರೆ ಬೇಸರ ಉಂಟು ಎಂದು ಬರೆಯಬೇಕು. ಆದರೆ ಅವರು ಬೇರೆ ಏನಾದರೂ ಮಾಡಬೇಕಿತ್ತಾ ಎಂದರೆ ನನಗೆ ಹೌದು ಎನ್ನಲಿಕ್ಕೆ ಬರುವುದಿಲ್ಲ. ಡ್ಯೂಟಿ ಮುಗಿಸಿ ಬಂದಾಗ ಅವರು ಜಗಲಿಯಲ್ಲಿ ಕೂತು ಯಾವುದೋ ಸಂತರ ಮುಖಕ್ಕೆ ಬಣ್ಣ ಕೊಡುತ್ತಾ ಇರುತ್ತಾರೆ. ಚಪ್ಪಲಿ ಬಿಡುವ ಸದ್ದೂ ಅವರಿಗೆ ಕೇಳುವುದಿಲ್ಲ. ಆ ಹೊತ್ತಿನಲ್ಲಿ ಅವರ ಮುಖದಲ್ಲಿ ಇರುವುದು ನನ್ನ ಜೊತೆ ಕೆಲಸ ಮಾಡುವ ಹೆಚ್ಚಿನವರ ಮುಖದಲ್ಲಿ ಇಲ್ಲ. ನನ್ನ ಮುಖದಲ್ಲೂ ಇಲ್ಲ. ಅದಕ್ಕೆ ಬೆಲೆ ಎಷ್ಟು ಎಂದು ನನಗೆ ಲೆಕ್ಕ ಹಾಕಲಿಕ್ಕಾಗಲಿಲ್ಲ.

ನೀನು ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ಫೀಸು ಯಾರು ಕೊಡುತ್ತಾರೆ ಎಂಬುದು ನಾಲ್ಕು ವರ್ಷದ ಪ್ರಶ್ನೆ. ಅದರ ನಂತರ ಹತ್ತು ವರ್ಷ ಅಕ್ಕಿ, ಗ್ಯಾಸು, ಕರೆಂಟು ಬಿಲ್ಲು ಯಾರು ಕೊಡುತ್ತಾರೆ ಎಂದು ಆ ಕಾಲೇಜಿನ ಪುಸ್ತಕದಲ್ಲಿ ಇರುವುದಿಲ್ಲ. ನಮ್ಮ ಮನೆಯಲ್ಲಿ ಕೊಟ್ಟವಳು ನಾನು. ನಿನ್ನ ವಿಷಯದಲ್ಲಿ ಕೊಡುವವಳು ನೀನೇ ಆಗಬೇಕು ಎಂದು ನನ್ನ ಆಸೆ.

ಬರುವಾಗ ನೀನು ಬರೆದದ್ದನ್ನು ತಾ. ಅವರಿಗೆ ತೋರಿಸು. ನನಗಲ್ಲ, ನನಗೆ ಎಲ್ಲವೂ ಚೆಂದವೇ ಕಾಣುತ್ತದೆ.

ನಿನ್ನ
ಕ್ಲಾರಾ ಆಂಟಿ

*

ಕಾರ್ಕಳ
27 ಮೇ 2025

ರೂಪೇಶ,

ನಿನ್ನ ಮಗಳು ಎರಡು ದಿನ ನಮ್ಮಲ್ಲಿ ಇದ್ದು ಹೋದಳು. ಶರ್ಮಿಳಾ ಬಂದು ಬಿಟ್ಟು ಹೋದರು, ಅವರೇ ಬಂದು ಕರೆದುಕೊಂಡು ಹೋದರು. ನೀನು ಬರುತ್ತೀ ಎಂದುಕೊಂಡಿದ್ದೆ. ಬಾರದಿದ್ದದ್ದು ಒಳ್ಳೆಯದೇ ಆಯಿತು. ಬಂದಿದ್ದರೆ ಈ ಕಾಗದ ಬರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಕ್ಲಾರಾ ನಿನಗೆ ಬರೆದದ್ದನ್ನು ನನಗೆ ಹೇಳಿದಳು. ಒಂದು ದಿನ ನಾನು ಅವಳ ಹತ್ತಿರ ಮಾತಾಡಲಿಲ್ಲ. ಮರುದಿನ ಅವಳು ಬರೆದ ಅಂಕಿಗಳನ್ನು ಹಾಳೆಯಲ್ಲಿ ಮತ್ತೆ ಕೂಡಿಸಿ ನೋಡಿದೆ, ಎಲ್ಲಾದರೂ ತಪ್ಪು ಸಿಗಬಹುದೇ ಎಂದು. ಸಿಗಲಿಲ್ಲ. ಇಪ್ಪತ್ತಮೂರು ಸರಿ.

ಮೊದಲು ಹರ್ಷಿಣಿಯ ವಿಷಯ. ಮಣಿಪಾಲಕ್ಕೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಅವತ್ತು ಬಂದವರು ಹೂವಪ್ಪ ಎಂಬವರು, ಅರುವತ್ತರ ಹತ್ತಿರದ ಪ್ರಾಯ, ಉಡುಪಿಯ ಬನ್ನಂಜೆಯಲ್ಲಿ ವೆಲ್ಡಿಂಗ್ ಅಂಗಡಿ. ಕಬ್ಬಿಣದ ಚೂರು ಹಾರಿ ಎಡಗಣ್ಣು ಹೋಗಿ ಎಂಟು ತಿಂಗಳಾಗಿತ್ತು. ಅವರನ್ನು ಎದುರು ಕೂರಿಸಿಕೊಂಡು ಬಲಗಣ್ಣು ನೋಡುತ್ತಾ ನಾನು ಬಣ್ಣ ಕಲಸಿದೆ. ಕಂದು ಕಣ್ಣು, ನೂರು ಸಲ ಮಾಡಿದ್ದೇ. ಬಿಳಿಯ ಮೇಲಿನ ನರಗಳಿಗೆ ಕೆಂಪು ರೇಷ್ಮೆ ನೂಲಿನ ಎಳೆ ಬಿಡಿಸಿ ಇಡುವುದನ್ನು ಅವಳಿಗೆ ತೋರಿಸುತ್ತಿದ್ದೆ. ಅವಳು ನೂಲು ನೋಡುತ್ತಿರಲಿಲ್ಲ.

"ಅಂಕಲ್, ಅವರನ್ನು ಸ್ವಲ್ಪ ಕಿಟಕಿಯ ಹತ್ತಿರ ಕೂರಿಸುವ" ಎಂದಳು.

"ಯಾಕೆ?"

"ಪೂರ್ತಿ ಕಂದು ಅಲ್ಲ. ಸುತ್ತ ಒಂದು ಬೂದು ಬಳೆ ಉಂಟು. ಮೇಲೆ ದಪ್ಪ, ಕೆಳಗೆ ತೆಳು."

ಉಂಟು, ರೂಪೇಶ. ಪ್ರಾಯವಾದವರ ಕಣ್ಣಿನಲ್ಲಿ ಬರುವಂಥದ್ದು. ನನಗೆ ಗೊತ್ತಿಲ್ಲದ್ದಲ್ಲ. ನಾನು ನೋಡುವುದನ್ನು ಬಿಟ್ಟಿದ್ದೆ, ಅಷ್ಟೆ. ಪುನಃ ಬರೆದೆ. ಬಳೆಯನ್ನು ಅವಳ ಕೈಯಲ್ಲೇ ಬರೆಸಿದೆ.

ಮರುದಿನ ಕಣ್ಣು ಕೂರಿಸಿದರು. ಹೂವಪ್ಪನವರು ಕನ್ನಡಿ ನೋಡಿದರು. ಎದ್ದು ಹೊರಗೆ ಹೋಗಿ ಬೆಂಚಿನಲ್ಲಿ ಕೂತಿದ್ದ ಗುರುತು ಪರಿಚಯ ಇಲ್ಲದ ಒಬ್ಬ ಹೆಂಗಸಿನ ಹತ್ತಿರ, "ಅಮ್ಮ, ನನ್ನ ಯಾವ ಕಣ್ಣು ಖೋಟಾ, ಹೇಳಿ ನೋಡುವ" ಎಂದರು. ಆಕೆ ಹೆದರಿದರು. ಆಮೇಲೆ ತುಂಬ ಹೊತ್ತು ನೋಡಿ ಒಳ್ಳೆಯ ಕಣ್ಣನ್ನೇ ತೋರಿಸಿದರು. ಹೂವಪ್ಪನವರು ದೊಡ್ಡದಾಗಿ ನಗಾಡಿದರು. ಮತ್ತೆ ಕರವಸ್ತ್ರ ತೆಗೆದು ಎರಡೂ ಕಣ್ಣು ಒರೆಸಿಕೊಂಡರು.

ಬಸ್ಸಿನಲ್ಲಿ ಹರ್ಷಿಣಿ ಕೇಳಿದಳು, "ಇದಕ್ಕೆ ಸಾವಿರದ ಐನೂರು ಮಾತ್ರವಾ?" ಹೌದು ಎಂದೆ. "ಜಾಸ್ತಿ ಕೇಳಲಿಲ್ಲವಾ?" ಇಲ್ಲ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ, ಆದರೆ ಕಾರ್ಕಳದವರೆಗೆ ನಾನು ಅದನ್ನೇ ಯೋಚಿಸಿದೆ. ಒಳ್ಳೆಯ ಬೆಲೆ ಕೇಳುವಷ್ಟು ಇದು ನನ್ನ ಕೆಲಸ ಎಂದು ನನಗೆ ಯಾವತ್ತೂ ಅನ್ನಿಸಿದ್ದಿಲ್ಲ. ಯಾವ ಕೆಲಸವೂ ಹಾಗೆ ಅನ್ನಿಸಿದ್ದಿಲ್ಲ. ಅದರ ಕಾರಣ ನಿನಗೆ ಬರೆಯಬೇಕು.

ಮೈಸೂರಿನ ಕಾಲೇಜಿನ ಅರ್ಜಿಯ ಜೊತೆ ಹತ್ತು ಚಿತ್ರ ಕೊಡಬೇಕಿತ್ತು, ನೆನಪುಂಟಲ್ಲ. ನನ್ನ ಹತ್ತಿರ ತೋರಿಸುವಂಥದ್ದು ಏಳು ಇದ್ದವು. ಇಬ್ಬರದ್ದನ್ನೂ ಒಟ್ಟಿಗೆ ಕೊಂಡುಹೋಗಿ ಕೊಡುವುದೆಂದು ನಿನ್ನ ಕಟ್ಟು ನಮ್ಮ ಮನೆಯಲ್ಲಿತ್ತು. ಅಷ್ಟರಲ್ಲಿ ನಿನ್ನ ಅಪ್ಪ ಬಿದ್ದರು, ಬರಲಿಕ್ಕಾಗುವುದಿಲ್ಲ ಎಂದು ನೀನು ಹೇಳಿ ಕಳಿಸಿದೆ. ಹೊರಡುವ ದಿನ ನಿನ್ನ ಕಟ್ಟಿನಿಂದ ಮೂರು ತೆಗೆದು ಮೂಲೆಯಲ್ಲಿ ನನ್ನ ಹೆಸರು ಬರೆದೆ. ಬಲೆ ಒಣಗಿಸುವ ಹೆಂಗಸಿನದ್ದು, ಮಗುಚಿ ಹಾಕಿದ ದೋಣಿಯದ್ದು, ನಿನ್ನ ಅಪ್ಪನ ಕೈಗಳದ್ದು. ಸಂದರ್ಶನದಲ್ಲಿ ಅವರು ಕೈಯ ಚಿತ್ರವನ್ನೇ ಹಿಡಿದುಕೊಂಡರು. "ಯಾರ ಕೈ ಇದು?" ಎಂದು ಕೇಳಿದರು. "ನನ್ನ ಅಪ್ಪನದ್ದು" ಎಂದೆ. ನನ್ನ ಅಪ್ಪ ಬೇಕರಿಯಲ್ಲಿ ಕೆಲಸಕ್ಕಿದ್ದವರು. ಬಲೆಯ ಹಗ್ಗದ ಗಾಯ ಅವರ ಕೈಯಲ್ಲಿ ಎಲ್ಲಿಂದ ಬರಬೇಕು?

ಕಾಲೇಜಿನವರು ಆ ಚಿತ್ರಗಳನ್ನು ವಾಪಸು ಕೊಡಲಿಲ್ಲ. ನಾನು ಕೇಳಲೂ ಇಲ್ಲ. ನಿನಗೆ ಕಾಗದ ಬರೆಯುವುದನ್ನು ನಿಲ್ಲಿಸಿದ್ದು ಅದಕ್ಕೇ.

ಕಂತು ಕಟ್ಟಲು ಇನ್ನು ನಾಲ್ಕು ದಿನ ಉಂಟು. ಈ ಸಲ ಕಳಿಸು ಎಂದಾಗಲಿ ಬೇಡ ಎಂದಾಗಲಿ ನಾನು ಹೇಳುವುದಿಲ್ಲ. ಅವಳಿಗೆ ಕಣ್ಣು ಉಂಟು. ಅದು ಮಾತ್ರ ನಾನು ನೋಡಿ ಹೇಳುತ್ತಿರುವುದು.

ಲಾಯ್ಡ್

*

ಕಾಪು
3 ಆಗಸ್ಟ್ 2025

ಲಾಯ್ಡ್,

ನಿನ್ನ ಕಾಗದ ಬಂದು ಎರಡು ತಿಂಗಳು ದಾಟಿತು. ಮೀನುಗಾರಿಕೆಗೆ ರಜೆ ಇರುವ ಜೂನ್, ಜುಲೈ ಬೋಟಿನವರಿಗೆ ಬಿಡುವು, ನಮಗೆ ಬಿಡುವಿಲ್ಲದ ಕೆಲಸ. ಎಲ್ಲ ಇಂಜಿನ್ನುಗಳೂ ಆಗಲೇ ಬಿಚ್ಚಿಸಿಕೊಳ್ಳುವುದು. ಮೊನ್ನೆ ರಜೆ ಮುಗಿಯಿತು. ಆದರೆ ನಾನು ಬರೆಯದೆ ಇದ್ದದ್ದು ಕೆಲಸದಿಂದ ಅಲ್ಲ.

ಚಿತ್ರಗಳ ವಿಷಯ ನನಗೆ ಗೊತ್ತಿತ್ತು. 2002ರ ಫೆಬ್ರವರಿಯಲ್ಲಿ ನಾನು ಮೈಸೂರಿಗೆ ಬಂದಿದ್ದೆ. ನಿನಗೆ ಹೇಳದೆ ಬಂದು ಆಶ್ಚರ್ಯಪಡಿಸುವ ಎಂದು, ಒಂದು ಕಟ್ಟು ಒಣಮೀನು ಹಿಡಿದುಕೊಂಡು. ಅವತ್ತು ನಿಮ್ಮ ಕಾಲೇಜಿನಲ್ಲಿ ವಾರ್ಷಿಕ ಪ್ರದರ್ಶನ. ಜಗಲಿಯ ಗೋಡೆಯಲ್ಲಿ ಅಪ್ಪನ ಕೈಗಳು ಇದ್ದವು, ಕೆಳಗೆ ನಿನ್ನ ಹೆಸರು ಇತ್ತು. ಪಕ್ಕದಲ್ಲಿ ನಿಂತಿದ್ದ ಯಾರೋ "ಲಾಯ್ಡ್‌ದು. ಭಾರೀ ಚೆನ್ನಾಗಿದೆ ಅಲ್ವಾ?" ಎಂದ. ನಾನು ಹೌದು ಎಂದೆ. ಮತ್ತೆ ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸು ಹತ್ತಿದೆ. ಒಣಮೀನು ಅಲ್ಲೇ ಬೆಂಚಿನ ಮೇಲೆ ಬಿಟ್ಟೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಈ ಎರಡು ತಿಂಗಳಲ್ಲಿ ನಾಲ್ಕು ಸಲ ಕೂತೆ. ಪೂರ್ತಿ ಆಗಿಲ್ಲ. ಆಗಿದೆ ಎಂದು ಬರೆದರೆ ಅದು ನಿನ್ನ ನಲವತ್ತೈದು ಸಾವಿರದ ಹಾಗೆ ಆಗುತ್ತದೆ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಅವರ ಕೈಗಳ ಬೇರೆ ಚಿತ್ರ ನನ್ನ ಹತ್ತಿರ ಇಲ್ಲ. ಆದರೆ ನಾನು ಕೇಳದೆಯೇ ನೀನು ಹೇಳಿದೆ. ಅಷ್ಟು ವರ್ಷದಲ್ಲಿ ನಾನು ಕೇಳಬಹುದಿತ್ತು, ಕೇಳಲಿಲ್ಲ. ಅದನ್ನೂ ಒಪ್ಪುತ್ತೇನೆ.

ಇನ್ನೊಂದನ್ನೂ ಹೇಳಬೇಕು. ಏಪ್ರಿಲಿನಲ್ಲಿ ನಿನ್ನ ಸಂಬಳ ಕೇಳಿದ್ದು ಮಗಳಿಗಾಗಿ ಮಾತ್ರ ಅಲ್ಲ. ಅದು ಕಡಿಮೆ ಇರಲಿ ಎಂದು ನನಗೆ ಆಸೆ ಇತ್ತು. ಕ್ಲಾರಾ ಅವರ ಕಾಗದ ಓದಿದಾಗ ಸಮಾಧಾನ ಆಗಬೇಕಿತ್ತು. ನನ್ನದರ ಅರ್ಧವೂ ನಿನಗಿಲ್ಲ. ಸಮಾಧಾನ ಆಗಲಿಲ್ಲ. ಎರಡು ದಿನ ಕಾಗದವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ. ಅಷ್ಟು ಕಷ್ಟಪಟ್ಟೂ, ಆ ಡಿಗ್ರಿ ಮಾಡಬಾರದಿತ್ತು ಎಂದು ನೀನಾಗಲಿ ಅವರಾಗಲಿ ಒಂದು ಕಡೆಯೂ ಬರೆದಿರಲಿಲ್ಲ. ಅದನ್ನು ನೋಡಿದ ಮೇಲೆಯೇ ಕಾಗದಗಳನ್ನು ಹರ್ಷಿಣಿಗೆ ಕೊಟ್ಟದ್ದು.

ಮೇ ಮೂವತ್ತಕ್ಕೆ ಊಟಕ್ಕೆ ಕೂತಾಗ ನಾನು ಶರ್ಮಿಳಾಗೆ ಹೇಳಿದೆ, "ಬ್ರೋಕರನಿಗೆ ಫೋನ್ ಮಾಡು. ಜಾಗ ಕೊಡುವ. ಕಂತಿಗೆ ನಾಳೆ ನಾನು ಸೊಸೈಟಿಯಿಂದ ಸಾಲ ತೆಗೆಯುತ್ತೇನೆ."

ಹರ್ಷಿಣಿ "ಬೇಡ ಪಪ್ಪ" ಎಂದಳು.

"ಎಂತ ಬೇಡ? ಎರಡು ತಿಂಗಳು ಮುಖ ತಿರುಗಿಸಿಕೊಂಡು ಕೂತದ್ದು ಇದಕ್ಕೇ ಅಲ್ವಾ? ಈಗ ನಾನು ಒಪ್ಪಿದೆನಲ್ಲ!"

"ಡಿಗ್ರಿ ಬೇಡ ಎಂದದ್ದಲ್ಲ. ಅಷ್ಟು ದುಡ್ಡಿನದ್ದು ಬೇಡ ಎಂದದ್ದು. ಹದಿನೇಳು ಲಕ್ಷ ಕೊಟ್ಟರೆ ನಾನು ಗೆಲ್ಲಲೇಬೇಕಾಗುತ್ತದೆ ಪಪ್ಪ. ನನಗೆ ಸೋಲಲಿಕ್ಕೂ ಸ್ವಲ್ಪ ಜಾಗ ಬೇಕು."

ಶರ್ಮಿಳಾ ಬಡಿಸುತ್ತಿದ್ದ ಸೌಟು ಹಿಡಿದುಕೊಂಡೇ ನಿಂತಳು. ಹರ್ಷಿಣಿ ಎಲ್ಲ ವಿಚಾರಿಸಿ ಇಟ್ಟಿದ್ದಳು. ಸರಕಾರಿ ಕಾಲೇಜಿನಲ್ಲಿ ನಾಲ್ಕು ವರ್ಷಕ್ಕೆ ಫೀಸು, ಹಾಸ್ಟೆಲಿನ ಊಟ, ಬಣ್ಣ, ಕಾಗದ ಸೇರಿ ಮೂರು ಲಕ್ಷದ ಒಳಗೆ. ಅದು ನನ್ನ ಕೈಯಿಂದ ಆಗುತ್ತದೆ. ಮುಗಿಸಿದ ಮೇಲೆ ಮೊದಲ ಕೆಲವು ವರ್ಷ ಹತ್ತೋ ಹನ್ನೆರಡೋ ಸಾವಿರ ಮಾತ್ರ ಬಂದರೂ ಯಾರ ಕೈ ನೋಡದೆ ಒಂದು ಕೋಣೆಯ ಬಾಡಿಗೆ ಕೊಟ್ಟುಕೊಂಡು ಇರುತ್ತಾಳಂತೆ. ಅದನ್ನೂ ಹೇಳಿದಳು, ಗೋಡೆ ನೋಡಿಕೊಂಡು, ಪಾಠ ಒಪ್ಪಿಸುವ ಹಾಗೆ.

ಪ್ರವೇಶ ಪರೀಕ್ಷೆಯ ಮೊದಲ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಒಂದು ವಾರ ಕಾದೆವು. ಎರಡನೇ ಪಟ್ಟಿಯಲ್ಲಿ ಬಂತು, ಕೆಳಗಿನಿಂದ ನಾಲ್ಕನೆಯದು. ಜುಲೈ ಇಪ್ಪತ್ತೊಂದಕ್ಕೆ ನಾನೇ ಹೋಗಿ ಬಿಟ್ಟು ಬಂದೆ. ಹಾಸ್ಟೆಲು ಹಳೆಯದು, ಕೋಣೆಗೆ ನಾಲ್ಕು ಜನ, ಕಿಟಕಿಯ ಒಂದು ಬಾಗಿಲು ಇಲ್ಲ. ನಾನು ಮೊಳೆ ಹೊಡೆದು ಒಂದು ಹಲಗೆ ಕೂರಿಸಿದೆ. ಹೊರಡುವಾಗ ಅವಳು ಗೇಟಿನವರೆಗೆ ಬಂದಳು. "ಹೋಗಿ ಬರ್ತೇನೆ" ಎಂದೆ. "ಪಪ್ಪ, ಒಂದು ನಿಮಿಷ ಹಾಗೇ ನಿಲ್ಲಿ" ಎಂದು ಚೀಲದಿಂದ ಚಿತ್ರದ ಪುಸ್ತಕ ತೆಗೆದು ಅಲ್ಲೇ ನಿಂತು ಏನೋ ಬರೆದಳು. ತೋರಿಸಲಿಲ್ಲ. ನಾನೂ ಕೇಳಲಿಲ್ಲ.

ದಸರಾ ರಜೆಯಲ್ಲಿ ನಿನ್ನ ಹತ್ತಿರ ಕಣ್ಣಿನ ಕೆಲಸ ಕಲಿಯಲು ಬರುತ್ತಾಳಂತೆ. ಬರಲಿ. ಆದರೆ ಅಷ್ಟರೊಳಗೆ ನೀನು ಆಸ್ಪತ್ರೆಯವರ ಹತ್ತಿರ ಒಂದು ಕಣ್ಣಿಗೆ ಮೂರು ಸಾವಿರ ಎಂದು ಹೇಳಿರಬೇಕು. ಅವರು ಒಪ್ಪದಿದ್ದರೆ ಒಪ್ಪಲಿಲ್ಲ ಎಂದೇ ನನಗೆ ಬರೆ.

ನೀವು ಮೂವರೂ ಒಂದು ದಿನ ನಮ್ಮಲ್ಲಿಗೆ ಊಟಕ್ಕೆ ಬನ್ನಿ. ಹೆದ್ದಾರಿಯಿಂದ ದೀಪಸ್ತಂಭದ ಕಡೆಗೆ ತಿರುಗಿ ಯಾರನ್ನು ಕೇಳಿದರೂ ವರ್ಕ್‌ಶಾಪ್ ತೋರಿಸುತ್ತಾರೆ, ಮನೆ ಅದರ ಹಿಂದೆಯೇ. ಬೋಟುಗಳು ಹೋಗಿವೆ, ಇನ್ನು ಒಳ್ಳೆಯ ಮೀನು ಸಿಗುತ್ತದೆ. ಯಾವ ದಿನ ಎಂದು ನೀನು ನಿಶ್ಚಯ ಮಾಡಬೇಡ. ಕ್ಲಾರಾ ಅವರಿಗೆ ಯಾವತ್ತು ರಜೆ ಉಂಟು ಎಂದು ಕೇಳು. ಅವರು ಹೇಳಿದ ದಿನ ನಾನು ವರ್ಕ್‌ಶಾಪ್ ಬಾಗಿಲು ಹಾಕುತ್ತೇನೆ.

ರೂಪೇಶ